ನಮ್ಮ ಕೆರಿ ಉಳಿಸಿದ್ದು ನಮ್ಮ ಧೂಳು

ನಮ್ಮೂರ ನೀರು, ಭಾಗ 6 👇🏽

ಮೊದಲ ಫೋಟೋದಾಗ ಕಾಣೋವು ಶಕ್ತಿನಗರದ ಚಿಮಣಿಗಳು. ಎರಡನೇದು ಮಾನ್ವಿ ಕಡೆ ಒಂದು ಸವಳು ಹೊಲ. ಇವೆರಡಕ್ಕ ಏನು ಸಂಬಂಧ ಅಂತ ಕೇಳಬ್ಯಾಡ್ರಿ, ಪೂರ್ತಿ ಓದ್ರಿ.

ಶಾಲ್ಯಾಗ ಆಮ್ಲ ಮಳೆ ಅಂದ್ರ ತಾಜ್ ಮಹಲ್ ಚಿತ್ರ ತೋರಿಸಿದ್ರು. ಎರಡು ಅಂಕದ ಪ್ರಶ್ನೆ, ಬರದ್ವಿ, ಮರ್ತ್ವಿ. ರಾಯಚೂರಿನ ಪಕ್ಕದಾಗ, ಕೃಷ್ಣಾ ದಂಡ್ಯಾಗ 1985ರಿಂದ ಕಲ್ಲಿದ್ದಲು ಉರೀತದ ಅಂತ ಆ ಪಾಠಕ್ಕ ಜೋಡಿಸಿ ಯಾರೂ ಹೇಳಲಿಲ್ಲ. ಆರ್‌ಟಿಪಿಎಸ್‌ನಾಗ 8 ಘಟಕ, ಒಟ್ಟು 1720 ಮೆಗಾವ್ಯಾಟ್. ಯರಮರಸ್‌ನಾಗ 800ರ ಎರಡು ಘಟಕ ಬ್ಯಾರೆ. ಕಲ್ಲಿದ್ದಲಿನ್ಯಾಗ ಗಂಧಕ ಇರ್ತದ. ಅದು ಸುಟ್ಟಾಗ ಸಲ್ಫರ್ ಡೈಆಕ್ಸೈಡ್ ಆಗ್ತದ, ಗಾಳ್ಯಾಗಿನ ನೀರು ಸೇರಿದ್ರ ಸಲ್ಫ್ಯೂರಿಕ್ ಆಮ್ಲ.

ಹಂಗಾದ್ರ ಮಾವಿನ ಕೆರಿ ಯಾಕ ಆಮ್ಲ ಆಗಿಲ್ಲ? (ಅದಕ್ಕ ಬ್ಯಾರೆ ರೋಗ ಅದಾವ. ಚರಂಡಿ ನೀರು, ಕಸ, ಒತ್ತುವರಿ. ಅದರ ಬಗ್ಗೆ ಇನ್ನೊಂದು ಭಾಗ ಬರೀತೀನಿ.)

ಒಂದು ಕಾರಣ, ನಮ್ಮ ದೇಶದ ಕಲ್ಲಿದ್ದಲಿನ್ಯಾಗ ಬೂದಿ ಹೆಚ್ಚು, ಗಂಧಕ ಕಡಿಮಿ, ಸಾಮಾನ್ಯವಾಗಿ ಶೇ 0.5ರ ಆಸುಪಾಸು. ಇನ್ನೊಂದು ಕಾರಣ ನಾವು ದಿನಾ ಬೈಯ್ಯೋ ಧೂಳು. ನಮ್ಮ ಮಣ್ಣಿನ ಧೂಳಿನ್ಯಾಗ ಸುಣ್ಣದ ಅಂಶ ಇರ್ತದ, ಅದು ಮೋಡದಾಗಿನ ಆಮ್ಲವನ್ನ ಅಲ್ಲೇ ತಣಸ್ತದ. ಕೆಳಗ ಬಿದ್ದ ಮಳಿಗೂ ಎರಿ ಭೂಮ್ಯಾಗಿನ ಸುಣ್ಣದ ಹರಳು ಅದೇ ಕೆಲಸ ಮಾಡ್ತಾವ. ದೇವದುರ್ಗದ ಕಡೆ ಕಲ್ಲುಗುಡ್ಡದ ಬುಡದ ಮಸಾರಿ ನೆಲಕ್ಕ ಮಾತ್ರ ಎರಿಯಷ್ಟು ತಾಕತ್ತು ಇಲ್ಲ.

ಸ್ವೀಡನ್, ನಾರ್ವೆಗೆ ಈ ಅದೃಷ್ಟ ಇರಲಿಲ್ಲ. ಅಲ್ಲಿ ಗಟ್ಟಿ ಕಲ್ಲು, ತೆಳ್ಳನ ಮಣ್ಣು, ಸುಣ್ಣ ಇಲ್ಲ. ಇಂಗ್ಲೆಂಡು, ಜರ್ಮನಿ ಕಡೆಯ ಹೊಗಿ ಗಾಳಿ ಹಿಡಕೊಂಡು ಬಂದು ಅವರ ಕೆರಿಗೆ ಬಿತ್ತು. ಸಾವಿರಾರು ಕೆರ‍್ಯಾಗ ಮೀನು ಸತ್ತವು. ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ತಂಡ 1976ರಿಂದ ‘ಕೆರೆ 223’ಕ್ಕ ಬೇಕಂತಲೇ ಸ್ವಲ್ಪ ಸ್ವಲ್ಪ ಆಮ್ಲ ಹಾಕಿ ನೋಡಿದ್ರು. ದೊಡ್ಡ ಮೀನು ಆಮ್ಲಕ್ಕ ಸಾಯೋಕಿಂತ ಮೊದಲು ಅವು ತಿನ್ನೋ ಸಣ್ಣ ಜೀವಿಗಳೇ ಮಾಯ ಆದವು. ದೊಡ್ಡ ಮೀನು ಉಪವಾಸ ಬಿದ್ದು ಬಡಕಲಾದವು. ನೀರು ಮಾತ್ರ ನೋಡಾಕ ತಿಳಿಯಾಗೇ ಇತ್ತು ದೋಸ್ತ್! ಕಣ್ಣಿಗೆ ಸ್ವಚ್ಛ ಕಂಡದ್ದೆಲ್ಲಾ ಚಲೋ ನೀರು ಅಲ್ಲ. 2022ರಾಗ ಕಲುಷಿತ ನೀರು ಕುಡಿದು ಜನ ಸತ್ತ ಊರಿನ ನಮಗ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆನಡಾದ್ದೇ ಸಡ್‌ಬರಿ ಅನ್ನೋ ಊರಾಗ ನಿಕ್ಕಲ್ ಕಾರ್ಖಾನೆ. ಹೊಗಿ ತಡಿಯೋಕಾಗದೆ 1972ರಾಗ 381 ಮೀಟರ್ ಎತ್ತರದ ಚಿಮಣಿ ಕಟ್ಟಿದ್ರು. ಊರಿಗೆ ಉಸಿರು ಬಂತು, ಹೊಗಿ ದೂರದ ಕೆರಿಗಳಿಗೆ ಹೋಯ್ತು. ಆಮ್ಯಾಲೆ ಕಾನೂನು ಬಿಗಿ ಆಗಿ ಗಂಧಕವನ್ನ ಮೂಲದಾಗೇ ಹಿಡಿಯೋಕೆ ಶುರು ಮಾಡಿದ್ರು, ಶೇ 90ಕ್ಕಿಂತ ಹೆಚ್ಚು ಇಳೀತು. ಕೆರಿಗಳು ನಿಧಾನಕ್ಕ ಚೇತರಿಸಿಕೊಂಡವು. ಆದರ ಎಲ್ಲಾ ಮೀನು ತಾವಾಗೇ ವಾಪಸ್ ಬರಲಿಲ್ಲ. ಮಳೆ ಸರಿಹೋದ್ರೂ ಮಣ್ಣಿನಿಂದ ತೊಳೆದುಹೋದ ಕ್ಯಾಲ್ಸಿಯಂ ಮತ್ತ ತುಂಬಾಕ ಹತ್ತಾರು ವರ್ಷ ಬೇಕು.

ಎತ್ತರದ ಚಿಮಣಿ ಕಥಿ ನಮ್ಮದೂ ಹೌದು. ಭಾರತದಾಗ 2015ರ ಡಿಸೆಂಬರ್ ತನಕ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಚಿಮಣಿ ಎಷ್ಟು ಎತ್ತರ ಇರಬೇಕು ಅಂತ ನಿಯಮ ಇತ್ತು, ಗಂಧಕದ ಹೊಗಿ ಎಷ್ಟು ಬಿಡಬಹುದು ಅಂತ ಮಿತಿ ಇರಲಿಲ್ಲ. ಮಿತಿ ಬಂದಿದ್ದು 2015ಕ್ಕ. ಗಡುವು ಮುಂದ ಹೋತು, ಮತ್ತ ಮುಂದ ಹೋತು. 2025ರ ಜುಲೈನಾಗ ಕೇಂದ್ರ ಪರಿಸರ ಸಚಿವಾಲಯ ದೇಶದ ಸುಮಾರು ಶೇ 78ರಷ್ಟು ಘಟಕಗಳಿಗೆ ವಿನಾಯಿತಿನೇ ಕೊಟ್ಟುಬಿಡ್ತು. ದಿಲ್ಲಿ ಸುತ್ತ, ಹತ್ತು ಲಕ್ಷ ಜನ ಇರೋ ಊರುಗಳ ಸುತ್ತ ಮಾತ್ರ ಕಟ್ಟುನಿಟ್ಟು. ಅಂದ್ರ ಉಸಿರಿಗೂ ಜನಗಣತಿ ನೋಡ್ತಾರ!

ಸರ್ಕಾರದ ವಾದದಾಗ ಅರ್ಧ ನಿಜ ಅದ. ನಮ್ಮ ಕಲ್ಲಿದ್ದಲಿನ್ಯಾಗ ಗಂಧಕ ಕಡಿಮಿ, ಯಂತ್ರದ ಖರ್ಚು ಹೆಚ್ಚು, ಕರೆಂಟ್ ಬಿಲ್ ಏರ್ತದ. ಒಪ್ಪತೀನಿ. ಆದ್ರ ಆ ಹೊಗಿ ಗಾಳ್ಯಾಗ ಸಲ್ಫೇಟ್ ಕಣ ಆಗಿ ಎದಿಯೊಳಗ ಹೋಗ್ತದ. ಅಲ್ಲಿ ಎರಿ ಮಣ್ಣು ಇಲ್ಲ, ಸುಣ್ಣ ಇಲ್ಲ.

ಈಗ ಎರಡನೇ ಫೋಟೋ. ತುಂಗಭದ್ರಾ ಎಡದಂಡೆ ಕಾಲುವಿ ನೀರು ಬಂದ್ಮ್ಯಾಲೆ ಮಾನ್ವಿ, ಸಿಂಧನೂರು ಕಡೆ ಭತ್ತ ಬಂತು, ಜೊತಿಗೆ ಸವಳು-ಜವಳೂ ಬಂತು. ಕ್ಷಾರ ಏರಿದ ಹೊಲಕ್ಕ ಕೃಷಿಯವರು ಹೇಳೋ ಔಷಧ ಜಿಪ್ಸಂ. ಚಿಮಣಿಯಾಗ ಗಂಧಕ ಹಿಡಿಯೋ ಯಂತ್ರ, ಅದೇ ಎಫ್‌ಜಿಡಿ, ಏನು ಮಾಡ್ತದ ಗೊತ್ತಾ? ಹೊಗಿಗೆ ಸುಣ್ಣಕಲ್ಲಿನ ನೀರು ಸಿಂಪಡಿಸ್ತದ, ಕೊನಿಗೆ ಬರೋದು ಜಿಪ್ಸಂ. ಅಮೆರಿಕದಾಗ ರೈತರು ಇದನ್ನ ಹೊಲಕ್ಕ ಹಾಕ್ತಾರ. ಸುಣ್ಣಕಲ್ಲು ಬೇಕಂದ್ರ ಕಲಬುರಗಿ ಜಿಲ್ಲೆಯ ನೆಲದ ತುಂಬಾ ಅದೇ ಅದ, ಸೇಡಂ, ವಾಡಿ ಸಿಮೆಂಟ್ ಕಾರ್ಖಾನೆಗಳು ಅದರ ಮ್ಯಾಲೇ ನಿಂತಾವ. ಅವಕ್ಕೂ ಜಿಪ್ಸಂ ಬೇಕು. ಜಿಪ್ಸಂನಾಗ ಪಾದರಸದಂಥ ಲೋಹ ಇಲ್ಲಾಂತ ಪರೀಕ್ಷೆ ಮಾಡಿಯೇ ಹೊಲಕ್ಕ ಕೊಡಬೇಕು, ಆ ಮಾತು ಬ್ಯಾರೆ. ಆದ್ರ ಖರ್ಚಿನ ಲೆಕ್ಕ ಹಾಕೋವಾಗ ಈ ಸವಳು ಹೊಲ, ನಮ್ಮ ಎದಿ ಎರಡನ್ನೂ ಅದೇ ಹಾಳ್ಯಾಗ ಬರೀರಿ ಅನ್ನೋದು ನನ್ನ ವಾದ.

ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನ್ಯಾಗ 1963ರಿಂದ ಮಳಿನೀರು ಹಿಡಿದು ಅಳೀಲಿಕ್ಕ ಶುರು ಮಾಡಿದ್ರು. ಆ ಲೆಕ್ಕ ಇದ್ದದ್ದಕ್ಕೇ ಮುಂದ 1990ರ ಕಾನೂನಿಗೆ ಬಲ ಬಂತು. ನಮ್ಮ ಡಿಗ್ರಿ ಕಾಲೇಜುಗಳ ಲ್ಯಾಬಿನ್ಯಾಗ ಪಿಎಚ್ ಮೀಟರ್ ಅದಾವ. ಮುಂದಿನ ಮುಂಗಾರಿನ್ಯಾಗ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಮಾಳಗಿ ಮ್ಯಾಲೆ ತೊಳೆದ ಪ್ಲಾಸ್ಟಿಕ್ ಡಬ್ಬಿ ಇಡೋಣು. ಮೊದಲ ಮಳಿ ಬ್ಯಾರೆ ಬಾಟಲಿ, ಅರ್ಧ ತಾಸಿನ ನಂತರದ್ದು ಬ್ಯಾರೆ ಬಾಟಲಿ, ಯಾಕಂದ್ರ ಧೂಳು ತೊಳೆದುಹೋದ ಮ್ಯಾಲಿನ ಮಳೀನೇ ಖರೇ ಸುದ್ದಿ ಹೇಳೋದು. ಶುದ್ಧ ಮಳಿಯ ಪಿಎಚ್ 5.6 ಹತ್ರ ಇರ್ತದ. ತಾರೀಖು, ಗಾಳಿ ಯಾವ ಕಡಿಂದ ಬೀಸಿತ್ತು, ಎರಡೂ ಬರೀರಿ. ದೇವದುರ್ಗದವರು ಯಾರಿದ್ದೀರಿ, ಮೆಸೇಜ್ ಮಾಡ್ರಿ, ಅಲ್ಲಿ ಇನ್ನೂ ಮಾಳಗಿ ಸಿಕ್ಕಿಲ್ಲ.

#ನಮ್ಮೂರನೀರು #ರಾಯಚೂರು #ಮಾನ್ವಿ #ದೇವದುರ್ಗ #ಕೃಷ್ಣಾ