ಅಜ್ಜಿಯ ಮುಖದ ಸುಕ್ಕು ‘ನಾಯ್ಸ್’ ಅಲ್ಲ

‘ಹಳೇ ವಿಡಿಯೊ ಕ್ಯಾಸೆಟ್ ತನ್ನಿ, 4ಕೆ ಕ್ಲಿಯರ್ ಮಾಡಿ ಕೊಡ್ತೇವಿ’ ಎಂಬ ಫ್ಲೆಕ್ಸು ಈಗ ನಮ್ಮ ಕಡೆಯ ತಾಲ್ಲೂಕು ಪೇಟೆಗಳಲ್ಲಿ ಫೋಟೊ ಸ್ಟುಡಿಯೊಗಳ ಮುಂದೆ ಕಾಣುತ್ತಿದೆ. ಟ್ರಂಕಿನ ತಳದಲ್ಲಿ, ಹಾಸಿಗೆ ಗಂಟಿನ ಸಂದಿಯಲ್ಲಿ ಬಿದ್ದಿದ್ದ ಮದುವೆ, ತೊಟ್ಟಿಲು, ಜಾತ್ರೆಯ ಕ್ಯಾಸೆಟ್ಟುಗಳನ್ನು ಮಂದಿ ಹುಡುಕಿ ತಂದು ಕೊಡುತ್ತಿದ್ದಾರೆ. ಒಳ್ಳೆಯ ಸಂಗತಿ. ಆದರೆ ವಾರ ಬಿಟ್ಟು ಅವರ ಕೈಗೆ ಬರುವ ಪೆನ್‌ಡ್ರೈವ್‌ನಲ್ಲಿ ಇರುವುದು ಅವರ ಮನೆಯ ಮದುವೆಯೇ ಹೌದೋ ಅಲ್ಲವೋ ಎಂಬುದು ನಮ್ಮ ತಕರಾರು. ಮುಖಗಳು ಮೇಣ ಬಳಿದಂತಿವೆ. ಗೋಡೆಗಳಿಗೆ ಗಿಲಾಯಿ ಮಾಡಿದಂತಿದೆ. ಎಪ್ಪತ್ತರ ಮುದುಕಿ ನಲವತ್ತರವಳಾಗಿದ್ದಾಳೆ. ಸ್ವಚ್ಛ ಮಾಡುವ ಹೆಸರಿನಲ್ಲಿ ಅಳಿಸುವ ಕೆಲಸ ನಡೆಯುತ್ತಿದೆ.

ನಾವು ಸ್ವಚ್ಛ ಮಾಡುವುದರ ವಿರೋಧಿಗಳಲ್ಲ. ಮೂಲವನ್ನು ಉಳಿಸದೆ ಸ್ವಚ್ಛ ಮಾಡುವುದಕ್ಕೆ, ಇಲ್ಲದ್ದನ್ನು ತಂದು ಕೂಡಿಸಿ ಅದಕ್ಕೂ ‘ಕ್ಲಿಯರ್’ ಎಂದು ಹೆಸರಿಡುವುದಕ್ಕೆ ವಿರೋಧಿಗಳು.

ಮನೆಯವರ ಮದುವೆ ವಿಡಿಯೊದಲ್ಲಿ ಪತ್ರಕರ್ತರಿಗೇನು ಕೆಲಸ ಎಂದು ಕೇಳಬಹುದು. ನಾವು ಬಾಗಲಕೋಟೆ ಜಿಲ್ಲೆಯವರು. ನಮ್ಮಲ್ಲಿ ಮದುವೆಗೆ ವಿಡಿಯೊದವರನ್ನು ಕರೆಸುವ ರೂಢಿ ಬೇರೂರಿದ್ದು 1990ರ ದಶಕದಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಹಿನ್ನೀರಿಗೆ ಊರುಗಳು ಖಾಲಿಯಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದವು, ಮಂದಿ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಸರ್ಕಾರಿ ಕಡತಗಳಲ್ಲಿ ಮನೆಯ ಅಳತೆ, ಸರ್ವೆ ನಂಬರು, ಪರಿಹಾರದ ಮೊತ್ತ ಸಿಕ್ಕಾವು. ಊರ ಅಗಸಿ ಹೇಗಿತ್ತು, ಮಾಳಿಗೆ ಮೇಲೆ ನಿಂತು ಮೆರವಣಿಗೆ ನೋಡುತ್ತಿದ್ದವರು ಯಾರು, ಗುಡಿಯ ಕಟ್ಟೆಯ ಮೇಲೆ ಯಾರು ಕೂತಿದ್ದರು, ಯಾರು ಕೆಳಗೇ ನಿಂತಿದ್ದರು, ಇದನ್ನೆಲ್ಲ ಯಾವ ಕಡತವೂ ಹೇಳುವುದಿಲ್ಲ. ಅದು ಚಲಿಸುವ ಚಿತ್ರವಾಗಿ ಎಲ್ಲಾದರೂ ಉಳಿದಿದ್ದರೆ ಯಾರದೋ ಮದುವೆ ಕ್ಯಾಸೆಟ್ಟಿನ ಹಿನ್ನೆಲೆಯಲ್ಲಿ ಉಳಿದಿದೆ. ವಿಡಿಯೊದವನು ಮದುಮಗನನ್ನು ಹಿಡಿದ, ಊರು ತಾನಾಗಿ ಬಂದು ಸೇರಿತು. ಕೈಮೀರಿ ಹಾಕಿದ ನಾಯ್ಸ್ ಫಿಲ್ಟರ್ ಮೊದಲು ತಿನ್ನುವುದು ಈ ಹಿನ್ನೆಲೆಯನ್ನೇ.

ಯಾವುದು ಕೊಳೆ, ಯಾವುದು ಚಿತ್ರ?

1976ರಲ್ಲಿ ಜಪಾನಿನ ಜೆವಿಸಿ ಕಂಪನಿ ಮಾರುಕಟ್ಟೆಗೆ ತಂದ ವಿಎಚ್‌ಎಸ್ ಮೊದಲಿನಿಂದಲೂ ಬಡ ಮಾಧ್ಯಮವೇ. ನಮ್ಮ ದೇಶದ ಪಾಲ್ ಪದ್ಧತಿಯ ಟಿವಿ ಚಿತ್ರಕ್ಕೆ ಕಣ್ಣಿಗೆ ಕಾಣುವ 576 ಗೆರೆಗಳಿವೆ. ಅಡ್ಡಕ್ಕೆ ವಿಎಚ್‌ಎಸ್ ಹಿಡಿದಿಡಬಲ್ಲ ವಿವರ ಮಾತ್ರ ಸುಮಾರು 240 ಗೆರೆಗಳಷ್ಟು. ಬಣ್ಣದ ಪಾಲು ಇನ್ನೂ ಕಡಿಮೆ. ಬೆಳಕು ನೆರಳಿನ ಸಂಕೇತಕ್ಕೆ ಜಾಗ ಕೊಟ್ಟು, ಬಣ್ಣವನ್ನು ಕಡಿಮೆ ಕಂಪನಾಂಕದ ಕಿರಿದಾದ ಪಟ್ಟಿಯಲ್ಲಿ ತುರುಕಿರುತ್ತಾರೆ. ಅದಕ್ಕೇ ಇಳಕಲ್ ಸೀರೆಯ ಕೆಂಪು ಸೆರಗು ಅಂಚು ದಾಟಿ ಪಕ್ಕದವರ ಬಿಳಿ ಅಂಗಿಯ ಮೇಲೆ ಹರಿದಿರುತ್ತದೆ. ಮಂದ ಬೆಳಕಿನಲ್ಲಿ ಚಿತ್ರವೆಲ್ಲ ಕಾಳುಕಾಳಾಗುತ್ತದೆ. ಟೇಪು ಸವೆದಲ್ಲಿ ಬಿಳಿ ಗೀರು ಮೂಡುತ್ತದೆ. ಚಿತ್ರದ ತಳದಲ್ಲಿ ಹರಿದಂತೆ ಅಲುಗುವ ಸಣ್ಣ ಪಟ್ಟಿಯನ್ನು ನೋಡಿ ‘ಕ್ಯಾಸೆಟ್ ಹಾಳಾಗಿದೆ’ ಎನ್ನುವವರಿದ್ದಾರೆ. ಅದು ಹಾಳಾದ ಗುರುತಲ್ಲ. ವಿಸಿಆರ್‌ನ ತಿರುಗುವ ಹೆಡ್ಡುಗಳಲ್ಲಿ ಒಂದು ಮುಗಿಸಿ ಇನ್ನೊಂದು ಓದಲು ತೊಡಗುವ ಜಾಗ ಅದು. ಹಳೆಯ ಡಬ್ಬಾ ಟಿವಿಗಳಲ್ಲಿ ಪರದೆಯ ಅಂಚಿನ ಹಿಂದೆ ಅಡಗಿರುತ್ತಿತ್ತು, ಈಗಿನ ಪರದೆಯಲ್ಲಿ ಬಯಲಾಗಿದೆ.

ಇವು ಟೇಪಿನ, ಯಂತ್ರದ ದೋಷಗಳು. ಜರುಗಿದ ಬಣ್ಣವನ್ನು ಮತ್ತೆ ಸೀರೆಯ ಮೇಲೆ ಕೂಡಿಸಿದರೆ, ತಳದ ಪಟ್ಟಿ ಮುಚ್ಚಿದರೆ, ಬಳುಕುವ ಗೆರೆಗಳನ್ನು ಟೈಮ್ ಬೇಸ್ ಕರೆಕ್ಟರ್ ಹಾಕಿ ನೇರ ಮಾಡಿದರೆ ಯಾರಿಗೂ ನಷ್ಟವಿಲ್ಲ. ಇದು ಚಿತ್ರವನ್ನು ಇದ್ದಂತೆ ಕಾಣಿಸುವ ಕೆಲಸ. ಆದರೆ ಇದಕ್ಕೆ ಹೊತ್ತು ಬೇಕು, ಕಣ್ಣು ಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಆಗುವುದು ಬೇರೆ.

ಪೆನ್‌ಡ್ರೈವ್‌ಗಾಗಿ ತೊಳೆಯುವುದು

ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ವಿಸಿಆರ್‌ನ ಹಳದಿ ಪಿನ್ನು ಸಿಕ್ಕಿಸಿ, ನೇರವಾಗಿ ಎಂಪಿ4 ಮಾಡಿಬಿಡುತ್ತಾರೆ. ಪಾಲ್ ವಿಡಿಯೊದಲ್ಲಿ ಸೆಕೆಂಡಿಗೆ 50 ಅರೆಚಿತ್ರಗಳಿರುತ್ತವೆ, ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು. ಸರಿಯಾಗಿ ಬಿಡಿಸಿದರೆ ಸೆಕೆಂಡಿಗೆ 50 ಪೂರ್ಣ ಚಿತ್ರಗಳಾಗಿ ಚಲನೆಯೆಲ್ಲ ಉಳಿಯುತ್ತದೆ. ಅವಸರದಲ್ಲಿ 25ಕ್ಕೆ ಇಳಿಸುವವರು ಅರ್ಧ ಚಲನೆಯನ್ನು ಎಸೆಯುತ್ತಾರೆ, ಇಲ್ಲವೇ ಎರಡನ್ನೂ ಕಲಸುತ್ತಾರೆ. ಹಲಗೆ ಬಾರಿಸುವವನ ಕೈ ನೋಡಿ, ಗೊತ್ತಾಗುತ್ತದೆ. ಕೈ ಇರಬೇಕಾದಲ್ಲಿ ಎರಡು ನೆರಳಿರುತ್ತವೆ.

ಆಮೇಲೆ ‘ಡಿನಾಯ್ಸ್’. ಇದನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಾಕುತ್ತಾರೆ ಎಂಬುದನ್ನು ಗಿರಾಕಿಗೆ ಯಾರೂ ಹೇಳುವುದಿಲ್ಲ. ಕಾಳುಕಾಳಾದ ಚಿತ್ರ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ, ಹಾಗಾಗಿ ಫೈಲು ಹಿಗ್ಗುತ್ತದೆ. ಮೂರು ಗಂಟೆಯ ಕ್ಯಾಸೆಟ್ಟನ್ನು ಒಂದೆರಡು ಜಿಬಿಗೆ ಅಡಕಬೇಕಾದರೆ ಕಾಳನ್ನು ಕೊಲ್ಲಲೇಬೇಕು. ಅಂದರೆ ಇಲ್ಲಿ ತೊಳೆಯುತ್ತಿರುವುದು ಚಿತ್ರದ ಅಂದಕ್ಕಲ್ಲ, ಪೆನ್‌ಡ್ರೈವಿನ ಅಳತೆಗೆ.

ನಾಯ್ಸ್ ತೆಗೆಯಲು ಮುಖ್ಯವಾಗಿ ಎರಡು ದಾರಿ. ಒಂದು, ಒಂದೇ ಫ್ರೇಮಿನೊಳಗೆ ಅಕ್ಕಪಕ್ಕದ ಚುಕ್ಕೆಗಳನ್ನು ಸರಾಸರಿ ಮಾಡುವುದು. ಇದು ಗೋಡೆಗೆ ಸುಣ್ಣ ಬಳಿದ ಹಾಗೆ. ಕೊಳೆಯ ಜೊತೆಗೆ ಬಿರುಕೂ, ಬರೆದ ಅಕ್ಷರವೂ, ಗುಳೇದಗುಡ್ಡದ ಖಣದ ನೇಯ್ಗೆಯೂ, ಅಜ್ಜಿಯ ಕೆನ್ನೆಯ ಹಚ್ಚೆಯೂ ಮುಚ್ಚಿಹೋಗುತ್ತವೆ. ಇನ್ನೊಂದು, ಹಿಂದಿನ ಮುಂದಿನ ಫ್ರೇಮುಗಳನ್ನು ಹೋಲಿಸುವುದು. ಗೋಡೆ ಅಲ್ಲೇ ಇರುತ್ತದೆ, ಕಾಳು ಮಾತ್ರ ಜಾಗ ಬದಲಿಸುತ್ತದೆ. ಹಾಗಾಗಿ ಕಾಳು ಯಾವುದು, ಗೋಡೆ ಯಾವುದು ಎಂದು ತಿಳಿಯಲು ಇದೇ ಒಳ್ಳೆಯ ದಾರಿ. ಆದರೆ ಇದನ್ನೂ ಮಿತಿ ಮೀರಿ ಹಾಕಿದರೆ ಏನಾಗುತ್ತದೆ ನೋಡಿ. ತಾಳಿ ಕಟ್ಟುವ ಹೊತ್ತಿನಲ್ಲಿ ಹಂದರದ ಕೆಳಗೆ ಅಕ್ಕಿಕಾಳು ಹಾರುತ್ತದೆ. ಸಣ್ಣದು, ಬಿಳಿಯದು, ಒಂದೆರಡು ಫ್ರೇಮಿನಲ್ಲಿ ಕಂಡು ಮಾಯವಾಗುವಂಥದು. ಫಿಲ್ಟರಿನ ಲೆಕ್ಕದಲ್ಲಿ ಅದಕ್ಕೂ ಟೇಪಿನ ಬಿಳಿ ಚುಕ್ಕೆಗೂ ವ್ಯತ್ಯಾಸವಿಲ್ಲ, ಒರೆಸಿಹಾಕುತ್ತದೆ. ಮಂದಿ ಕೈ ಎತ್ತುತ್ತಾರೆ, ಬೀಸುತ್ತಾರೆ, ಏನೂ ಬೀಳುವುದಿಲ್ಲ. ಇಂಥ ಒಂದು ಫೈಲನ್ನು ನಾವೇ ನೋಡಿದ್ದೇವೆ. ಅಕ್ಷತೆಯೇ ಇಲ್ಲದ ಮದುವೆ. ಗಿರಾಕಿ ಅದಕ್ಕೆ ದುಡ್ಡೂ ಕೊಟ್ಟಿದ್ದರು.

ಅರಿಶಿಣಕ್ಕೂ ‘ಕಲರ್ ಕರೆಕ್ಷನ್’

ಬಣ್ಣದ ಕತೆ ಇನ್ನೂ ಕೆಟ್ಟದ್ದು. ಹಗಲ ಬೆಳಕು ಸುಮಾರು 5600 ಕೆಲ್ವಿನ್, ಅದರಲ್ಲಿ ನೀಲಿ ಹೆಚ್ಚು. ವಿಡಿಯೊದವರು ಹಿಡಿಸುತ್ತಿದ್ದ ಹ್ಯಾಲೊಜೆನ್ ದೀಪ ಸುಮಾರು 3200 ಕೆಲ್ವಿನ್, ಅದರಲ್ಲಿ ಹಳದಿ ಹೆಚ್ಚು. ಬಿಸಿಲಿನಿಂದ ಪಡಸಾಲೆಯೊಳಗೆ ಬರುವಾಗ ಕ್ಯಾಮೆರಾದವನು ವೈಟ್ ಬ್ಯಾಲೆನ್ಸ್ ಮಾಡಲು ಮರೆತಿದ್ದರೆ ಅರ್ಧ ಗಂಟೆಯಷ್ಟು ಮದುವೆ ಕಿತ್ತಳೆ ಬಣ್ಣದಲ್ಲಿ ಮುಳುಗಿರುತ್ತದೆ. ಇದನ್ನು ಸರಿಪಡಿಸಲೇಬೇಕು, ಒಪ್ಪುತ್ತೇವೆ. ಆದರೆ ದೃಶ್ಯದಿಂದ ದೃಶ್ಯಕ್ಕೆ ನೋಡಿ ಸರಿಪಡಿಸಬೇಕು. ಇಡೀ ಕ್ಯಾಸೆಟ್ಟಿಗೆ ಒಂದೇ ‘ಆಟೊ’ ಗುಂಡಿ ಒತ್ತಿದರೆ, ಆ ಗುಂಡಿ ಹಳದಿ ಕಂಡಲ್ಲೆಲ್ಲ ಹಳದಿ ತೆಗೆಯುತ್ತದೆ. ಅರಿಶಿಣ ಹಚ್ಚುವ ಶಾಸ್ತ್ರದಲ್ಲಿ ಮದುಮಗಳ ಮುಖ ಹಳದಿಯಾಗಿಯೇ ಇರುತ್ತದೆ, ಅದು ದೀಪದ ದೋಷವಲ್ಲ. ಬಿಳಿಯನ್ನು ಆಧಾರ ಮಾಡಿಕೊಳ್ಳುತ್ತೇವೆ ಎಂದು ಹಿರಿಯರ ಧೋತರದ ಮೇಲೆ ಮೌಸು ಒತ್ತುವವರಿದ್ದಾರೆ. ನಮ್ಮ ಕಡೆ ಹಬ್ಬ ಮದುವೆಗೆ ಧೋತರವನ್ನು ನೀಲಿ ಹಾಕಿ ತೊಳೆಯುತ್ತಿದ್ದರು ಎಂಬುದು ಸಾಫ್ಟ್‌ವೇರಿಗೆ ಗೊತ್ತಿಲ್ಲ. ಆ ನೀಲಿಯನ್ನು ಬಿಳಿ ಮಾಡಲು ಹೋಗಿ ಉಳಿದವರನ್ನೆಲ್ಲ ಹಳದಿ ಮಾಡುತ್ತದೆ. ಸೀರೆ ಯಾವ ಬಣ್ಣದ್ದಿತ್ತು ಎಂದು ಮನೆಯವರನ್ನು ಒಂದು ಮಾತು ಕೇಳಿದರೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಆ ಸೀರೆಯೇ ಟ್ರಂಕಿನಲ್ಲಿರುತ್ತದೆ. ಕೇಳುವವರು ಬೇಕಷ್ಟೆ.

ಇನ್ನೊಂದು ಮಾತನ್ನು ನೇರವಾಗಿ ಹೇಳುತ್ತೇವೆ. ನಮ್ಮ ಸ್ಟುಡಿಯೊಗಳಲ್ಲಿ ‘ಕಲರ್ ಸರಿ ಮಾಡುವುದು’ ಎಂದರೆ ಬಹಳ ಸಲ ಮುಖ ಬೆಳ್ಳಗೆ ಮಾಡುವುದು ಎಂದೇ ಅರ್ಥ. ಮದುವೆ ಆಲ್ಬಮ್ಮಿನಲ್ಲಿ ಬಂದ ಈ ಚಟ ಈಗ ಮೂವತ್ತು ವರ್ಷ ಹಿಂದಕ್ಕೆ ಹೋಗಿ, ಸತ್ತವರಿಗೂ ಪೌಡರ್ ಬಳಿಯುತ್ತಿದೆ. ಬಿಸಿಲಲ್ಲಿ ದುಡಿದು ಕಪ್ಪಾದ ಮಂದಿ ಅವರು. ಅವರ ಮೈಬಣ್ಣ ಟೇಪಿನ ದೋಷವಾದದ್ದು ಯಾವಾಗ?

ಊಹೆಗೆ ‘ಕ್ಲಿಯರ್’ ಎಂಬ ಹೆಸರು

ಈಗ ಎಐ ಬಂದಿದೆ. ಮೂವತ್ತು ಚುಕ್ಕೆ ಅಗಲದ ಮುಖಕ್ಕೆ ರೆಪ್ಪೆ, ಹಲ್ಲು, ಕಣ್ಣಿನ ಹೊಳಪು ಕೊಡುತ್ತದೆ. ಎಲ್ಲಿಂದ ಕೊಡುತ್ತದೆ? ಟೇಪಿನಲ್ಲಿ ಆ ವಿವರ ಇರಲೇ ಇಲ್ಲ. ತಾನು ಕಲಿತ ಬೇರೆ ಸಾವಿರಾರು ಮುಖಗಳಿಂದ ಊಹಿಸಿ ಕೊಡುತ್ತದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಹೊರತಂದ ‘ಪಲ್ಸ್’ ಎಂಬ ತಂತ್ರಕ್ಕೆ ಬರಾಕ್ ಒಬಾಮಾ ಅವರ ಮಸುಕು ಚಿತ್ರ ಕೊಟ್ಟಾಗ ಅದು ಸ್ಪಷ್ಟವಾದ ಬಿಳಿಯ ಗಂಡಸೊಬ್ಬನ ಮುಖ ಕೊಟ್ಟಿತು. ಜಗತ್ತಿಗೆಲ್ಲ ಗೊತ್ತಿರುವ ಮುಖದ ಗತಿ ಇದಾದರೆ, ಹಂದರದ ಮೂಲೆಯಲ್ಲಿ ಕೂಸನ್ನು ಎತ್ತಿಕೊಂಡು ನಿಂತ ನಮ್ಮ ದೊಡ್ಡವ್ವನ ಗತಿ ಏನು? ಆಕೆಯ ಬೇರೆ ಫೋಟೊವೇ ಇಲ್ಲದಿದ್ದರೆ ಇನ್ನು ಹತ್ತು ವರ್ಷಕ್ಕೆ ಮೊಮ್ಮಕ್ಕಳು ಆ ಊಹೆಯ ಮುಖವನ್ನೇ ಅಜ್ಜಿ ಎಂದು ನೆನಪಿಡುತ್ತಾರೆ. ಗೋಡೆಯ ಮೇಲಿನ ಮಸುಕಾದ ಕನ್ನಡ ಬರಹವನ್ನೂ ಅದು ಬಿಡುವುದಿಲ್ಲ. ಅಕ್ಷರದಂತೆ ಕಾಣುವ, ಯಾರೂ ಓದಲಾಗದ ಗೀರುಗಳನ್ನಾಗಿ ತಿದ್ದಿಡುತ್ತದೆ.

2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ನ್ಯಾಯಾಲಯ, ಕೊಲೆ ಮೊಕದ್ದಮೆಯೊಂದರಲ್ಲಿ ಆರೋಪಿಯ ಕಡೆಯವರು ತಂದಿದ್ದ, ಎಐ ಬಳಸಿ ‘ಸ್ಪಷ್ಟ’ಗೊಳಿಸಿದ ಮೊಬೈಲ್ ವಿಡಿಯೊವನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಮೂಲದಲ್ಲಿ ಇಲ್ಲದ್ದು ಅದರಲ್ಲಿ ಸೇರಿರುತ್ತದೆ ಎಂಬುದೇ ತಕರಾರಿನ ತಿರುಳು. ನಾವು ಸುದ್ದಿ ಫೋಟೊ ಕಳಿಸುವಾಗ ಪಾಲಿಸುವ ನಿಯಮವೂ ಇದೇ. ಬೆಳಕು ಏರಿಸಬಹುದು, ಅಂಚು ಕತ್ತರಿಸಬಹುದು, ಇಲ್ಲದ ಮುಖವನ್ನು ಕೂಡಿಸುವಂತಿಲ್ಲ, ಇದ್ದ ಮುಖವನ್ನು ಬದಲಿಸುವಂತಿಲ್ಲ.

ಸ್ಟುಡಿಯೊದವರ ಮಾತು

ಅವರದೂ ಹೊಟ್ಟೆಪಾಡು, ನಮಗೆ ಗೊತ್ತು. ‘ಗಿರಾಕಿಗಳು ಕೇಳುವುದೇ ಅದನ್ನು. ಕಾಳುಕಾಳು ಇದ್ದರೆ ದುಡ್ಡು ಕೊಡುವುದಿಲ್ಲ, ಹುಡುಗರು ನೋಡುವುದಿಲ್ಲ’ ಎನ್ನುತ್ತಾರೆ. ಸರಿ, ನೋಡಲು ಒಂದು ಫೈಲು ಮಾಡಿಕೊಡಿ, ಹೊಳೆಯಲಿ. ಅದರ ಜೊತೆಗೆ ಮೂಲವನ್ನೂ ಕೊಡಿ ಎಂಬುದಷ್ಟೇ ನಮ್ಮ ಮಾತು. ಮೂಲ ಕೈಯಲ್ಲಿದ್ದರೆ ನಾಳೆ ಇನ್ನೂ ಒಳ್ಳೆಯ ಸಾಧನ ಬಂದಾಗ ಮತ್ತೆ ಸ್ವಚ್ಛ ಮಾಡಬಹುದು. ಹೊಳೆಯುವುದೊಂದೇ ಉಳಿದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

‘ಅಷ್ಟು ದೊಡ್ಡ ಫೈಲು ಇಡುವುದೆಲ್ಲಿ’ ಎಂಬುದು ಎರಡನೆಯ ಮಾತು. ಲೆಕ್ಕ ಹಾಕೋಣ. ಏನೂ ಅಡಕದೆ ಇಟ್ಟರೆ ಪಾಲ್ ವಿಡಿಯೊ ಗಂಟೆಗೆ ಸುಮಾರು 75 ಜಿಬಿ. ಎಫ್‌ಎಫ್‌ವಿ1, ಹಫ್‌ವೈಯುವಿಯಂಥ, ಒಂದು ಚುಕ್ಕೆಯನ್ನೂ ಕಳೆಯದ ಕೋಡೆಕ್‌ಗಳಲ್ಲಿ ಇದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಟಿಬಿಯ ಹಾರ್ಡ್‌ಡಿಸ್ಕಿನಲ್ಲಿ ಮೂರು ಗಂಟೆಯ ಎಂಟು ಕ್ಯಾಸೆಟ್ಟು ಹಿಡಿಸುತ್ತವೆ. ಬಹಳ ಮನೆಗಳಲ್ಲಿ ಇರುವುದೇ ಎರಡೋ ಮೂರೋ. ಸಾಧನಗಳಿಗೆ ದುಡ್ಡೂ ಬೇಡ. ವರ್ಚುವಲ್‌ಡಬ್, ಎಫ್‌ಎಫ್‌ಎಂಪೆಗ್, ಅರೆಚಿತ್ರಗಳನ್ನು ಬಿಡಿಸುವ ಕ್ಯೂಟಿಜಿಎಂಸಿ, ಎಲ್ಲವೂ ಉಚಿತ.

ಹಾಗಾಗಿ ಕ್ಯಾಸೆಟ್ ಕೊಡಲು ಹೋಗುವವರು ಇಷ್ಟು ಕೇಳಿ. ಏನೂ ತಿದ್ದದ ಮೂಲ ಕ್ಯಾಪ್ಚರ್ ಬೇರೆ ಫೈಲಾಗಿ ಬೇಕು ಎನ್ನಿ. ವಿಡಿಯೊ ಸೆಕೆಂಡಿಗೆ 50 ಫ್ರೇಮಿನಲ್ಲಿ ಬೇಕು ಎನ್ನಿ. ಮುಖ ತಿದ್ದುವ ಎಐ ಬೇಡ ಎಂದು ಚೀಟಿಯಲ್ಲಿ ಬರೆಸಿ. ಬಣ್ಣ ಸರಿ ಮಾಡುವಾಗ ಮನೆಯವರೊಬ್ಬರು ಪಕ್ಕದಲ್ಲಿ ಕೂಡಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಕಾಪಿ ಆಯಿತಲ್ಲ’ ಎಂದು ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಬರಬೇಡಿ, ತಿಪ್ಪೆಗೂ ಹಾಕಬೇಡಿ.

ಮುಳುಗಡೆ ಊರುಗಳ ಮಂದಿಗೆ ಇದನ್ನು ಒತ್ತಿ ಹೇಳುತ್ತೇವೆ. ನಿಮ್ಮ ಮನೆಯ ಕ್ಯಾಸೆಟ್ಟು ನಿಮ್ಮ ಮನೆಯದಷ್ಟೇ ಅಲ್ಲ, ಓಣಿಯದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಜಿಲ್ಲೆಯ ಕಾಲೇಜುಗಳು ಮನಸ್ಸು ಮಾಡಿದರೆ ಒಂದು ಒಳ್ಳೆಯ ವಿಸಿಆರ್, ಒಂದು ಕಂಪ್ಯೂಟರ್, ನಾಲ್ಕು ಹಾರ್ಡ್‌ಡಿಸ್ಕ್ ಇಟ್ಟುಕೊಂಡು ಒಂದು ಪುನರ್ವಸತಿ ಕೇಂದ್ರದ ಕ್ಯಾಸೆಟ್ಟುಗಳನ್ನೆಲ್ಲ ಮೂಲದ ಸಮೇತ ಉಳಿಸಬಹುದು. ಹೊತ್ತು ಹೆಚ್ಚಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಅದನ್ನು ನಿಲ್ಲಿಸಿತು. ಮ್ಯಾಗ್ನೆಟಿಕ್ ಟೇಪುಗಳಲ್ಲಿ ಇರುವುದನ್ನು 2025ರೊಳಗೆ ಡಿಜಿಟಲ್ ಮಾಡದಿದ್ದರೆ ಬಹುಪಾಲು ಕೈತಪ್ಪಬಹುದು ಎಂದು ಯುನೆಸ್ಕೊ 2019ರಲ್ಲಿ ಎಚ್ಚರಿಸಿತ್ತು. ಆ ಗಡುವೂ ಬಂದುಹೋಯಿತು. ಇದ್ದ ವಿಸಿಆರ್‌ಗಳ ಹೆಡ್ಡು ಸವೆಯುತ್ತಿದೆ, ರಿಪೇರಿ ಬಲ್ಲವರಿಗೆ ವಯಸ್ಸಾಗುತ್ತಿದೆ, ಟೇಪಿಗೆ ಬೂಷ್ಟು ಹಿಡಿಯುತ್ತಿದೆ.

ಎಷ್ಟೋ ಕ್ಯಾಸೆಟ್ಟುಗಳನ್ನು ಇನ್ನು ಒಂದೇ ಒಂದು ಸಲ ಓಡಿಸಲು ಆದೀತು. ಆ ಒಂದು ಸಲ ನಾವು ಏನನ್ನು ಉಳಿಸಿಕೊಳ್ಳುತ್ತೇವೋ ಅಷ್ಟೇ ಉಳಿಯುವುದು. ಅದರಲ್ಲಿ ಕಾಳುಕಾಳು ಇರಲಿ, ತೊಂದರೆಯಿಲ್ಲ. ಅಕ್ಕಿಕಾಳೂ ಇರಲಿ.