ಸಂಶಯವೂ ಶ್ರದ್ಧೆಯೂ

ಶ್ರದ್ಧಾವಂತನಲ್ಲಿ ಸಂಶಯಕ್ಕೆ ಎಡೆಯಿರಬಾರದೆಂದು ನಾವು ಭಾವಿಸುತ್ತೇವೆ. ಇದು ದಿಟವೆ?

ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್ 1937ರಲ್ಲಿ ಕ್ರಿಸ್ತನ ಶಿಷ್ಯತ್ವವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. 1939ರಲ್ಲಿ ನ್ಯೂಯಾರ್ಕಿನಲ್ಲಿ ಅವರಿಗೆ ಆಶ್ರಯ ದೊರೆತಿತ್ತು. ಆದರೂ, ತನ್ನ ಜನರ ಸಂಕಟದಲ್ಲಿ ಪಾಲುಗೊಳ್ಳದವನಿಗೆ ಅವರ ನಾಳೆಯಲ್ಲಿ ಪಾಲಿಲ್ಲವೆಂದು ಬಗೆದು, ಕೆಲವೇ ವಾರಗಳಲ್ಲಿ ಹಿಟ್ಲರನ ನಾಡಿಗೇ ಮರಳಿದರು. 1943ರಲ್ಲಿ ಸೆರೆಯಾಯಿತು. ಮರುವರ್ಷ ಟೇಗೆಲ್ ಸೆರೆಮನೆಯಲ್ಲಿ ಬರೆದ ಕವಿತೆಯೊಂದರಲ್ಲಿ ಅವರು ತಮ್ಮನ್ನು ತಾವೇ ಪ್ರಶ್ನಿಸಿಕೊಂಡರು. ನೋಡುವವರ ಕಣ್ಣಿಗೆ ತಾವು ಧೀರರು, ಪ್ರಸನ್ನರು. ಒಳಗೋ ಬರಿಯ ತಳಮಳ, ದಣಿವು. ಇಬ್ಬರಲ್ಲಿ ನಿಜವಾದವನು ಯಾರು? ಕವಿತೆ ಇದಕ್ಕೆ ಉತ್ತರ ಹೇಳುವುದಿಲ್ಲ. ಪ್ರಶ್ನೆ ಕೇಳಿದವನನ್ನೇ ದೇವರಿಗೊಪ್ಪಿಸಿ ಮುಗಿಯುತ್ತದೆ.

1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು.

ಸಂಶಯವಳಿದ ಮೇಲೆ ಹೊರಡುವೆನೆಂಬವನು ಹೊಸ್ತಿಲನ್ನೇ ದಾಟಲಾರ. ಬಾನ್‌ಹೋಫರ್ ಅದನ್ನೂ ಜೊತೆಗೆ ಕರೆದುಕೊಂಡೇ ನಡೆದರು.