ಚಪ್ಪಟೆ ಪರದೆಯಲ್ಲಿ ದುಂಡು ಕಂಬ



ಸಂಘದ ಸ್ಮರಣ ಸಂಚಿಕೆಯ ಮುಖಪುಟಕ್ಕೆಂದು ನಿಮ್ಮಲ್ಲೊಬ್ಬಳು ಕೋರೆಲ್‌ಡ್ರಾದಲ್ಲಿ ಬರೆದ ಟೌನ್‌ಹಾಲ್ ಚಿತ್ರ ನನ್ನ ಮೇಜಿನ ಮೇಲಿದೆ. ಬಣ್ಣ ಚೆಂದ, ಅಳತೆ ಅಚ್ಚುಕಟ್ಟು. ಆದರೆ ಕಂಬಗಳು ಗೋಡೆಗೆ ಅಂಟಿಸಿದ ಪಟ್ಟಿಗಳಂತಿವೆ. "ಎಕ್ಸ್‌ಟ್ರೂಡ್ ಮಾಡಿದರೂ ಸರಿಬರಲಿಲ್ಲ ಅಂಕಲ್, ವಾಪಸು ಕೊಡಿ" ಎಂದಳು. ನಾನು ಕೊಡಲಿಲ್ಲ. ಎಕ್ಸ್‌ಟ್ರೂಡ್ ಆಯತವನ್ನು ಹಿಂದಕ್ಕೆಳೆದು ಪೆಟ್ಟಿಗೆ ಮಾಡುತ್ತದೆ, ದುಂಡಗೆ ಮಾಡುವುದಿಲ್ಲ. ಆ ಕೆಲಸ ನಮ್ಮದೇ.

ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಫೋರ್ಟಿನ ಹಾರ್ನಿಮನ್ ಸರ್ಕಲ್ ಎದುರು, 1833ರಲ್ಲಿ ಪೂರ್ಣಗೊಂಡ ಟೌನ್‌ಹಾಲ್‌ನ ಮೆಟ್ಟಿಲ ಕೆಳಗೆ ನಿಂತು ಒಂದೇ ಕಂಬವನ್ನು ಹತ್ತು ನಿಮಿಷ ನೋಡಿ. ಅದರಲ್ಲಿ ಕೊರೆದ ಉದ್ದ ಗೆರೆಗಳು ನಡುವೆ ಅಗಲವಾಗಿ, ಅಂಚಿನತ್ತ ಒತ್ತೊತ್ತಾಗಿ ಕಾಣುತ್ತವೆ. ನಿಜವಾಗಿ ಅಂತರ ಒಂದೇ. ಇದನ್ನು ಪರದೆಗೆ ತರುವುದು ಸುಲಭ. 40 ಮಿ.ಮೀ. ವ್ಯಾಸದ ವೃತ್ತ ಬರೆದು 12 ಸಮಭಾಗ ಮಾಡಿ. ಆ ಬಿಂದುಗಳಿಂದ ನೇರ ಕೆಳಗೆ ಗೆರೆ ಇಳಿಸಿ. ನಡುಗೆರೆಯಿಂದ ಎರಡೂ ಬದಿಗೆ 10, 17.3, 20 ಮಿ.ಮೀ. ದೂರದಲ್ಲಿ ಗೆರೆಗಳು ಬೀಳುತ್ತವೆ. ನಮ್ಮ ಹುಡುಗಿ ಎಲ್ಲವನ್ನೂ ಸಮಾನ ಅಂತರದಲ್ಲಿ ಎಳೆದಿದ್ದಳು, ಕಂಬ ಪಟ್ಟಿಯಾಯಿತು.

ಇನ್ನು ನೆರಳು. ಗಾಢ ಕಪ್ಪು ಅಂಚಿನಲ್ಲಿರುವುದಿಲ್ಲ, ತುಸು ಒಳಗಿರುತ್ತದೆ. ಏಕೆಂದರೆ ಅಂಚಿಗೆ ನೆಲದಿಂದ, ಗೋಡೆಯಿಂದ ಮರಳಿದ ಬೆಳಕು ತಾಗುತ್ತದೆ. ಆದ್ದರಿಂದ ಗ್ರೇಡಿಯೆಂಟಿಗೆ ಎರಡು ಬಣ್ಣ ಸಾಲದು. ನಸುಬಣ್ಣ, ಬೆಳಕು, ಕಪ್ಪು, ಮತ್ತೆ ನಸುಬಣ್ಣ, ಹೀಗೆ ನಾಲ್ಕು ಬೇಕು. ಎಲ್ಲ ಕಂಬಗಳಿಗೂ ಬೆಳಕು ಒಂದೇ ದಿಕ್ಕಿನಿಂದ ಬರಲಿ. ತಪ್ಪಿದರೆ ನೋಡುವವರ ಕಣ್ಣು ನಂಬುವುದಿಲ್ಲ. ಕೋರೆಲ್‌ಡ್ರಾ ಇಲ್ಲದವರಿಗೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಸಾಕು.

ಈ ವಿದ್ಯೆ ಕಂಪ್ಯೂಟರಿಗಿಂತ ಹಳೆಯದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಇದೇ ಫೋರ್ಟಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಮುಂದೆ ಅಲ್ಲಿಯೇ ಕಲಿಸಿದರು. ಅವರ ರೇಖಾಚಿತ್ರಗಳಿಗೆ ನೆರಳೂ ಬೇಕಿರಲಿಲ್ಲ. ನರ್ತಕಿಯ ತೋಳು ದುಂಡಾಗಿ ಕಾಣಲು ಒಂದು ಗೆರೆಯ ಬಾಗು ಸಾಕಾಗಿತ್ತು. ಕೈ ಓಡುವ ಮೊದಲು ಕಣ್ಣು ನೋಡಿರುತ್ತಿತ್ತು.

ಸಾಫ್ಟ್‌ವೇರುಗಳು ಬರುತ್ತವೆ, ಹೋಗುತ್ತವೆ. ನೋಡಲು ಕಲಿತ ಕಣ್ಣು ನಿಮ್ಮ ಜೊತೆಗಿರುತ್ತದೆ, ನಾಳೆ ಅನ್ನವನ್ನೂ ಕೊಡಬಹುದು.

ಮುಖಪುಟದ ಜಾಗವನ್ನು ಆಕೆಗಾಗಿ ಖಾಲಿಯಿಟ್ಟಿದ್ದೇವೆ. ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಆ ಮೆಟ್ಟಿಲ ಬಳಿ ಸೇರುತ್ತೇವೆ. ನೀವೂ ಬನ್ನಿ. ಲ್ಯಾಪ್‌ಟಾಪ್ ಬೇಡ, ಪೆನ್ಸಿಲು ತನ್ನಿ.